ನಡುಗತಕ್ಕದ್ದಲ್ಲ

"ಎಲ್ರೂ ಕೇಳಿ. ಮೇಸ್ತ್ರಿಗಳ ಕೊನೇ ಪ್ರಯಾಣದಲ್ಲಿ ಅವರ ಕಾರು ಸಿಗ್ನಲ್ಲಿನಲ್ಲಾಗಲಿ, ಗೇಟಿನಲ್ಲಾಗಲಿ, ನಿಂತ ಯಾವ ಜಾಗದಲ್ಲೂ ನಡುಗತಕ್ಕದ್ದಲ್ಲ ಅಂತ ತೀರ್ಮಾನ ಆಗಿದೆ," ಎಂದು ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹಳೇ ಟೈರೊಂದರ ಮೇಲೆ ನಿಂತು ಘೋಷಿಸಿದ. ತೀರ್ಮಾನ ಮಾಡಿದ್ದೂ ಅವನೇ, ಅನುಮೋದಿಸಿದ್ದೂ ಅವನೇ. ಶಿಷ್ಯ ಆಗಲೇ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರಿಂದ ವಿರೋಧಿಸಲು ಯಾರೂ ಉಳಿದಿರಲಿಲ್ಲ.

ಊರಿನ ಅರ್ಧ ಕಾರುಗಳ ನಡುಕ ಬಿಡಿಸಿದ ಮೇಸ್ತ್ರಿ ತಮ್ಮದೇ ಕಾರನ್ನು ಮಾತ್ರ ಇಪ್ಪತ್ತೆರಡು ವರ್ಷ ಹಾಗೇ ಬಿಟ್ಟಿದ್ದರು. ಓಡುವಾಗ ಸಾಧು, ನಿಂತರೆ ಚಳಿಜ್ವರ. ಕೇಳಿದವರಿಗೆಲ್ಲ ಒಂದೇ ಉತ್ತರ: "ಆಮೇಲೆ ನೋಡೋಣ." ಅದರಿಂದಲೇ 'ಆಮೇಲೆ ಮೇಸ್ತ್ರಿ' ಎಂಬ ಬಿರುದು ಬಂದಿತ್ತು. ನಿನ್ನೆ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಒರಗಿದವರು ಆಮೇಲೆ ಏಳಲಿಲ್ಲ.

ಗ್ಯಾರೇಜಿನ ಹಿಂದಿನ ಮನೆಯಲ್ಲಿ ಈಗ ಪೆಟ್ಟಿಗೆಯೊಳಗೆ ಮಲಗಿದ್ದರು. ಹನ್ನೊಂದಕ್ಕೆ ಹೊರಡಬೇಕು. "ನಾನೇ ಓಡಿಸ್ತೀನಿ," ಎಂದು ಅವರ ಹೆಂಡತಿ ಬೆಳಗ್ಗೆಯೇ ಹೇಳಿಬಿಟ್ಟಿದ್ದರು. ಆಕೆಗೆ ಕಿವಿ ಒಂಚೂರೂ ಕೇಳಿಸದು. ಆದರೂ ಎಲ್ಲಿಗೆ ಹೋದರೂ ಓಡಿಸುತ್ತಿದ್ದದ್ದು ಆಕೆ, ಪಕ್ಕದಲ್ಲಿ ಕೂರುತ್ತಿದ್ದದ್ದು ಮೇಸ್ತ್ರಿ. "ಕೊನೇ ಸಲ ಬೇರೆಯವರ ಕೈಗೆ ಕೊಡಲ್ಲ."

"ಪ್ಲಗ್ ಸರಿಯಾಗಿದೆ," ಎಂದ ಶಿಷ್ಯ. ಮೂವತ್ತು ವರ್ಷ ಮೇಸ್ತ್ರಿಯ ಕೈಕೆಳಗೆ ದುಡಿದು ಅರ್ಧ ತಲೆ ನರೆತರೂ ಅವನಿನ್ನೂ ಶಿಷ್ಯನೇ. "ಗಾಳಿ ಪೈಪು ಎಲ್ಲೂ ಸೀಳಿಲ್ಲ. ಐಡ್ಲಿಂಗೂ ಸರಿಯಿದೆ."

"ಹಾಗಾದ್ರೆ ವಯಸ್ಸಾಗಿದೆ ಅನ್ನು."

"ನಿನಗೂ ಆಗಿದೆ. ನಿಂತಾಗ ನಡುಗ್ತೀಯಾ?"

"ಹೆಂಡತಿ ಮುಂದೆ ನಿಂತಾಗ."

ಶಿಷ್ಯ ಟಾರ್ಚು ಹಿಡಿದು ಕಾರಿನಡಿ ನುಸುಳಿದ. ಇಂಜಿನ್ನನ್ನು ಹೊತ್ತ ರಬ್ಬರ್ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅದರ ಪಕ್ಕದಲ್ಲಿ, ಇಂಜಿನ್ನಿಗೂ ಬಾಡಿಗೂ ಸೇತುವೆ ಕಟ್ಟಿದಂತೆ, ಬೆರಳುದ್ದದ ಕಬ್ಬಿಣದ ಪಟ್ಟಿಯೊಂದನ್ನು ಬೋಲ್ಟು ಹಾಕಿ ಬಿಗಿಯಲಾಗಿತ್ತು. ರಬ್ಬರ್ ನುಂಗಬೇಕಾದ ನಡುಕವನ್ನೆಲ್ಲ ಆ ಪಟ್ಟಿ ನೇರವಾಗಿ ಒಳಗೆ ಸಾಗಿಸುತ್ತಿತ್ತು.

"ಇದು ಕೆಟ್ಟಿದ್ದಲ್ಲ ಕಣೋ. ಯಾರೋ ಕೆಡಿಸಿದ್ದು."

"ನಮ್ಮ ಮೇಸ್ತ್ರಿ ಕಾರಿಗೇ ಕೈ ಹಾಕಿದ ಆ ಮಹಾನುಭಾವ ಯಾರಪ್ಪ? ಬಿಚ್ಚು, ಬಿಚ್ಚು. ಮರ್ಯಾದೆ ಪ್ರಶ್ನೆ."

ಬಿಚ್ಚಿದರು. ಸ್ಟಾರ್ಟ್ ಮಾಡಿ, ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಟ್ಟರು. ಒಂದು ಹನಿಯೂ ಚೆಲ್ಲಲಿಲ್ಲ. ಇಬ್ಬರೂ ಕಣ್ಣೊರೆಸಿಕೊಂಡರು, ಗ್ರೀಸು ಕೆನ್ನೆಗೆ ಹತ್ತಿತು.

ಹನ್ನೊಂದಕ್ಕೆ ಹಿಂದಿನ ಸೀಟು ಮಡಚಿ ಪೆಟ್ಟಿಗೆ ಇಟ್ಟರು, ಮೇಲೆ ಹೂ ಹರಡಿದರು. ಇಂಜಿನ್ನನ್ನು ಚಾಲೂ ಇಟ್ಟೇ ಶಿಷ್ಯ ಹೆಮ್ಮೆಯಿಂದ ಬಾಗಿಲು ತೆರೆದ. ಮೇಸ್ತ್ರಿಯ ಹೆಂಡತಿ ಕೂತರು, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು, ಕೀ ತಿರುಗಿಸಿದರು.

ಕರ್ರ್‌ರ್.

ಓಡುತ್ತಿದ್ದ ಇಂಜಿನ್ ಹಲ್ಲು ಕಡಿಯಿತು. ಹೊರಗೆ ನಿಂತ ಮೆಕ್ಯಾನಿಕ್ಕುಗಳೂ ಕಡಿದರು. ಆಕೆ ಇನ್ನೊಮ್ಮೆ ತಿರುಗಿಸಿದರು.

"ಅಮ್ಮ, ಆನ್ ಇದೆ," ಎಂದು ಪಕ್ಕದಲ್ಲಿ ಕೂತಿದ್ದ ಮಗಳು ತಾಯಿಯ ಗಲ್ಲ ತನ್ನ ಕಡೆ ತಿರುಗಿಸಿ, ತುಟಿ ಬಿಡಿಸಿ ಹೇಳಿದಳು.

"ಇಲ್ಲ. ಆಫ್ ಆಗಿದೆ."

"ಆನ್ ಇದೆ ಕಣಮ್ಮ. ರಸ್ತೇಲೂ ಹೀಗೇ ಮಾಡಿದ್ರೆ ಕಷ್ಟ. ಇಳಿ, ನಾನು ಓಡಿಸ್ತೀನಿ."

ಆಕೆ ಇಳಿಯಲಿಲ್ಲ. ಮತ್ತೆ ಅಂಗೈ ಇಟ್ಟು, ಕಿಟಕಿಯಾಚೆಯ ಶಿಷ್ಯನನ್ನು ನೋಡಿದರು.

"ಅದನ್ನ ತೆಗೆದುಬಿಟ್ರಾ?"

* * *

ಇಪ್ಪತ್ತೆರಡು ವರ್ಷದ ಹಿಂದೆ, ಜ್ವರ ಬಂದು ಕಿವಿ ಹೋದ ಹೊಸತರಲ್ಲಿ, ಆಕೆ ಸಿಗ್ನಲ್ಲಿನಲ್ಲಿ ಓಡುತ್ತಿದ್ದ ಇಂಜಿನ್ನಿಗೇ ಕೀ ತಿರುಗಿಸಿದ್ದರು. ಹಿಂದಿನವರ ಹಾರ್ನು ಕೇಳಿಸಲಿಲ್ಲ; ಇಳಿದು ಬಂದು ಬೈದವರ ಬಾಯಿ ಮಾತ್ರ ಕಾಣಿಸಿತು. ಮನೆಗೆ ಬಂದು ಕೀಯನ್ನು ಗಂಡನ ಮುಂದಿಟ್ಟರು. "ಇನ್ನು ನನ್ನ ಕೈಲಾಗಲ್ಲ."

ಆ ಭಾನುವಾರವೆಲ್ಲ ಕಾರಿನಡಿಯಿಂದ ಮೇಸ್ತ್ರಿಯ ಪಾದಗಳೆರಡೇ ಕಾಣುತ್ತಿದ್ದವು. ಸಂಜೆ ಹೆಂಡತಿಯನ್ನು ಕೂರಿಸಿ, ಆಕೆಯ ಅಂಗೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದರು.

"ಗೊತ್ತಾಗ್ತಿದೆಯಾ?"

"ನಡುಗ್ತಿದೆ."

"ನಡುಗ್ತಿದ್ರೆ ಜೀವ ಇದೆ ಅಂತ. ನಡುಕ ನಿಂತ್ರೆ ಮಾತ್ರ ಕೀ ತಿರುಗಿಸು."

"ನೋಡಿದೋರು ನಗಲ್ವಾ? ಮೇಸ್ತ್ರಿ ಕಾರೇ ಹೀಗೆ ಅಂತ."

"ನಗಲಿ. ಆಮೇಲೆ ನೋಡೋಣ ಅಂತೀನಿ."

* * *

"ಹತ್ತು ನಿಮಿಷ ಕೊಡಿ ಅಕ್ಕ," ಎಂದ ಶಿಷ್ಯ, ಆಕೆ ಹೇಳಿದ್ದನ್ನೆಲ್ಲ ಕೇಳಿ ಜೇಬಿನಿಂದ ಪಟ್ಟಿ ತೆಗೆಯುತ್ತ.

"ಅವರನ್ನ ಕೆಳಗೆ ಇಳಿಸೋದಾ?" ಎಂದ ಎಲೆಕ್ಟ್ರಿಷಿಯನ್.

ಆಕೆ ಅವನ ತುಟಿ ಓದಿಕೊಂಡರು. "ಯಾಕೆ? ಇರಲಿ ಬಿಡಪ್ಪ."

ಹಾಗಾಗಿ ರಿಪೇರಿ ನಡೆಯುವಾಗ ಮೇಸ್ತ್ರಿ ಮೊದಲ ಬಾರಿಗೆ ಕಾರಿನೊಳಗೆ ಆರಾಮವಾಗಿ ಮಲಗಿದ್ದರು. ಉಳಿದವರು ಶವಯಾತ್ರೆಯ ಬಿಳಿ ಅಂಗಿಯಲ್ಲೇ ಕಾರಿನಡಿ ಮಲಗಿದರು.

"ಎಷ್ಟು ಬಿಗೀಲಿ?"

"ಅಕ್ಕ ಸಾಕು ಅನ್ನೋವರೆಗೆ."

ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬೋಲ್ಟಿಗೆ ಹಾಕಿದ ಪಾನಾ ಒಂದು ಸುತ್ತು ತಿರುಗಿತು, ಅರ್ಧ ಸುತ್ತು, ಕಾಲು ಸುತ್ತು. ಆಕೆ ಡ್ಯಾಶ್‌ಬೋರ್ಡಿನಿಂದ ಅಂಗೈ ಎತ್ತದೆಯೇ ಸಾಕೆಂದು ತಲೆಯಾಡಿಸಿದರು.

ಮೊದಲ ಸಿಗ್ನಲ್ಲೇ ಕೆಂಪಾಯಿತು. ಹಿಂದಿನ ವ್ಯಾನಿನಲ್ಲಿದ್ದವರಿಗೆ ಕಾರಿನ ಗಾಜಿನೊಳಗೆ ಪೆಟ್ಟಿಗೆಯ ಮೇಲಿನ ಹೂಗಳೆಲ್ಲ ನಡುಗುವುದು ಕಾಣಿಸಿತು. ಮುಂದಿನ ಸೀಟಿನಲ್ಲಿ ಒಂದು ಅಂಗೈ ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಮಲಗಿತ್ತು. ಅದರ ಪಕ್ಕಕ್ಕೆ ಮಗಳ ಅಂಗೈ ಬಂದು ಕೂತಿತು.