ಬೀಚ್ ಮರದ ಚೀಟಿ

ಸದ್ದು ಪೊಳ್ಳಾಗಿಯೇ ಇತ್ತಲ್ಲವೇ? ಅಥವಾ ಬೆಳಗಿನಿಂದ ಮರ ಬಡಿದು ಸೋತ ಕಿವಿಗೆ ಹಾಗೆ ಕೇಳಿಸಿತೇ?

ಮಂಗಳವಾರದಿಂದ ಬಾಳಪ್ಪ ಇದನ್ನೇ ಕೇಳಿಕೊಳ್ಳುತ್ತಿದ್ದ. ಜರ್ಮನಿಯ ಇಂಗೋಲ್‌ಸ್ಟಾಟ್ ಪಕ್ಕದ ಸರ್ಕಾರಿ ಕಾಡಿನಲ್ಲಿ, ನಡಿಗೆ ದಾರಿಯ ಮೇಲೆ ಬಾಗಿದ್ದ ಮುದಿ ಬೀಚ್ ಮರವನ್ನು ಕೊಡಲಿಯ ಹಿಂಬದಿಯಿಂದ ಬಡಿದಾಗ ತೊಗಲು ಸಡಿಲಾದ ಹಲಗೆಯ ಸದ್ದು ಬಂದಿತ್ತು. ಹಲಗೆ ಬಡಿಯುವವರ ಮನೆಯಲ್ಲಿ ಹುಟ್ಟಿದವನಿಗೆ ಅದು ಗೊತ್ತಾಗದೇ?

"ಅಪಾಯದ ಕೆಂಪು ಗುರುತು ಬೇಡ," ಎಂದಿದ್ದ ಗುತ್ತಿಗೆದಾರ ಕ್ರೂಗರ್. "ಊರಲ್ಲಿ ಜನ ಹೆಚ್ಚಾಗಿದ್ದಾರೆ, ಭಾನುವಾರ ಎಲ್ಲರಿಗೂ ಇದೇ ಕಾಡು ಬೇಕು. ದಾರಿ ಮುಚ್ಚಿದರೆ ಮೇಲಿನವರಿಗೆ ಉತ್ತರ ಕೊಡೋನು ನಿನ್ನಪ್ಪನಾ? ನಿನಗೆ ವೀಸಾಕ್ಕೆ ನನ್ನ ಪತ್ರ ಬೇಕು ತಾನೇ? ಸಹಿ ಹಾಕು."

ಅರಣ್ಯಶಾಸ್ತ್ರದ ಪದವಿ ಪಡೆದೂ ಕ್ರೂಗರನ ಕೈಕೆಳಗೆ ಕಸ ಆಯುತ್ತಿದ್ದ ಬಾಳಪ್ಪ, 'ಮರ ಸುರಕ್ಷಿತ' ಎಂಬ ಚೀಟಿಗೆ ಸಹಿ ಹಾಕಿ, ಅದನ್ನು ಮೊಳೆಯಿಂದ ಕಾಂಡಕ್ಕೆ ಹೊಡೆದ.

ಭಾನುವಾರ ಗಾಳಿ ಎದ್ದಿತ್ತು. ಬಾಳಪ್ಪ ಕಸದ ಚೀಲ ಹಿಡಿದು ಬರುವ ಹೊತ್ತಿಗೆ ಅದೇ ಮರದ ಕೆಳಗೆ ಕನ್ನಡದ ಎರಡು ಕುಟುಂಬಗಳು ಚಾಪೆ ಹಾಸಿ ಡಬ್ಬಿ ಬಿಚ್ಚಿದ್ದವು.

"ಕನ್ನಡದಾವೇನೋ?" ಎಂದ ಕಾರು ಕಂಪನಿಯ ಎಂಜಿನಿಯರ್ ಮಹೇಶಕುಮಾರ. "ಚಲೋ ಆತು. ಈ ಪ್ಲೇಟ್ ಎಲ್ಲಾ ಎತ್ತು. ಕಸದ ಡಬ್ಬಿ, ಅದೇ ಮ್ಯೂಲ್‌ಟೋನ, ಹುಡುಕಿ ಸಾಕಾತು."

ಬಾಳಪ್ಪ ಪ್ಲೇಟು ಎತ್ತಿ ಚೀಲಕ್ಕೆ ಹಾಕಿದ. "ಸರ, ಇಲ್ಲಿ ಕುಂದರಬ್ಯಾಡ್ರಿ. ಗಾಳಿ ಐತಿ. ಆ ಬಯಲಾಗ ಹೋಗ್ರಿ."

"ಯಾಕಲೇ? ಚೀಟಿ ಓದೀನಿ ನಾ. ಸೇಫ್ ಅಂತ ಬರದಾರ, ಡೇಟ್ ಐತಿ, ಸಹಿ ಐತಿ. ಜರ್ಮನ್ನರ ಕೆಲಸ ಮಗನ, ನಮ್ಮೂರಂಗಲ್ಲ!"

ಎಲ್ಲರೂ ನಕ್ಕರು. ಬಾಳಪ್ಪ ಇನ್ನೊಂದು ಪ್ಲೇಟಿಗೆ ಬಗ್ಗಿದ. ವೀಸಾದ ಪತ್ರ ಇನ್ನೂ ಕ್ರೂಗರನ ಮೇಜಿನಲ್ಲಿತ್ತು.

ಮಹೇಶಕುಮಾರನ ತಾಯಿ ಬಸಕ್ಕ ರೊಟ್ಟಿ ಚಾಚಿದಳು. "ಹಸದಿ ಕಾಣ್ತೈತಿ, ತಿನ್ನಪಾ. ಯಾವೂರು?"

"ಹುನಗುಂದ ಕಡೆರಿ."

"ಅಯ್ಯ, ನಮ್ಮ ಕಡೆಯಾವ! ಊರಾಗ ಮನಿ ಎಲ್ಲಿ ಬರತೈತಿ?"

ಈ ದೇಶದಲ್ಲಿ ಐದು ವರ್ಷದಿಂದ ಅವನು ತಪ್ಪಿಸಿಕೊಂಡು ಬಂದ ಪ್ರಶ್ನೆ. ಮೇಲೆ ಕೊಂಬೆ ಕಿರುಗುಟ್ಟಿತು.

"ಕೇರ್ಯಾಗರಿ. ನಮ್ಮಪ್ಪ ಹಲಗಿ ಬಡೀತಿದ್ದ."

ಬಸಕ್ಕನ ಕೈ ಹಿಂದೆ ಸರಿಯಿತು. ಬಾಳಪ್ಪ ಕೆಸರು ಬೂಟಿನಲ್ಲೇ ಚಾಪೆ ತುಳಿದು, ಕಾಂಡಕ್ಕೆ ಬೆನ್ನು ಕೊಟ್ಟು ಕೂತ. ಡಬ್ಬಿಗೆ ಕೈ ಹಾಕಿ ತಾನೇ ಒಂದು ರೊಟ್ಟಿ ತೆಗೆದುಕೊಂಡ.

"ಸೊಕ್ಕು ನೋಡು ಸೂಳೆಮಗನ್ದು!" ಮಹೇಶಕುಮಾರ ಎದ್ದ. ಆಮೇಲೆ ದನಿ ತಗ್ಗಿಸಿ ಹೆಂಡತಿಗೆ ಹೇಳಿದ: "ನಾವೇನ್ ಜಾತಿ ಮಾಡಾವರಲ್ಲ. ಆದ್ರ ಹೈಜೀನ್ ಅನ್ನೂದು ಒಂದು ಇರತೈತಿ. ಏಳ್ರಿ, ಆ ಬಯಲಾಗ ಕೂಡೂಣು."

ಅವರು ಹೋದರು. ಅವನು ಮುಟ್ಟಿದ ಡಬ್ಬಿಯನ್ನೂ ಚಾಪೆಯನ್ನೂ ಅಲ್ಲೇ ಬಿಟ್ಟರು.

ನೆರಳು ಖಾಲಿಯಾದುದನ್ನು ಕಂಡು ಒಬ್ಬ ಹೆಂಗಸು ಕೂಸಿನ ಗಾಡಿ ತಳ್ಳುತ್ತ ಬಂದಳು. ಬಾಳಪ್ಪ ಕಾಂಡಕ್ಕೆ ಒರಗಿಕೊಂಡೇ ಕುಡಿದವನಂತೆ ಕಾಲು ಚಾಚಿದ. ಅವಳು ಮುಖ ಸಿಂಡರಿಸಿ ಮುಂದೆ ಹೋದಳು. ಅವಳ ಹಿಂದೆ ಇನ್ನೂ ಜನ ಬರುತ್ತಿದ್ದರು. ಗಾಳಿ ಬೀಸಿದಾಗಲೆಲ್ಲ ಮರದೊಳಗೆ ಏನೋ ಅಲುಗುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು. ಏಳುವಂತಿರಲಿಲ್ಲ.

ಚೀಟಿಯ ಮೇಲಿನ ಸಹಿ ತನ್ನದೆಂದು ಅವನು ಯಾರಿಗೂ ಹೇಳಲಿಲ್ಲ.