ಎಂಟು ಗಂಟೆಯ ಜಡೆ

ಅಮೆರಿಕದ ಮೆಂಫಿಸ್‌ನ ನಮ್ಮ ಜಡೆ ಅಂಗಡಿಯಲ್ಲಿ ಗಿರಾಕಿಯ ಬಗ್ಗೆ ಗಿರಾಕಿಯ ಎದುರೇ ಮಾತಾಡುವುದು ರೂಢಿ. ನಾನೂ ನನ್ನ ಜೊತೆ ಜಡೆ ಹೆಣೆಯುವ ಸೋಖ್ನಳೂ ಸೆನೆಗಲ್‌ನಿಂದ ಬಂದವರು. ನಮ್ಮ ವೋಲೊಫ್ ಭಾಷೆ ಇಲ್ಲಿನ ಕಪ್ಪು ಹೆಂಗಸರಿಗೆ ಬರುವುದಿಲ್ಲ. ಕೂದಲು ನಾಲ್ಕು ಕೈಗಳಲ್ಲಿ ಸಿಕ್ಕಿಕೊಂಡಿರುವಾಗ ಅವರು ಎದ್ದು ಹೋಗುವಂತೆಯೂ ಇಲ್ಲ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಹದಿನಾರು ವರ್ಷ ನನಗೆ ಅನ್ನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಲಟ್ರೀಸ್ ಎಂಬ ಹುಡುಗಿ ಬಂದು, "ಕುಂಬಾ ಆಂಟಿ, ನಿಮ್ಮ ಭಾಷೆ ಹೇಳ್ಕೊಡ್ತೀರಾ? ನಿಮ್ಮ ದೇಶದ ಡಕಾರ್‌ಗೆ ಓದೋಕೆ ಹೋಗ್ಬೇಕು," ಎಂದಳು. ಅವಳದು ಕಪ್ಪು ಮಕ್ಕಳೇ ಓದುವ ಸಣ್ಣ ಕಾಲೇಜು. ಅಲ್ಲಿ ವಿದೇಶಿ ಭಾಷೆ ಕಲಿಸುತ್ತಿದ್ದ ಮೇಡಂ ನಿವೃತ್ತರಾದ ಮೇಲೆ ಪಾಠದ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಇಟ್ಟಿದ್ದಾರಂತೆ.

"ಇದು ಜಡೆ ಅಂಗಡಿ ಕಣಮ್ಮ, ಸ್ಕೂಲಲ್ಲ. ಜಡೆ ಹಾಕಿಸ್ಕೊಳ್ಳೋದಾದ್ರೆ ಕೂತ್ಕೋ," ಎಂದೆ.

ಕೂತಳು. ಅಂದಿನಿಂದ ಆರು ವಾರಕ್ಕೊಮ್ಮೆ ಬಂದು, ಅತಿ ಸಣ್ಣ ಎಳೆಯ ಜಡೆಗಳನ್ನೇ ಕೇಳುತ್ತಿದ್ದಳು. ಅದಕ್ಕೆ ಎಂಟು ಗಂಟೆ ಬೇಕು. ಶೋಕಿ, ದುಡಿದದ್ದೆಲ್ಲ ತಲೆಗೇ ಸುರಿಯುತ್ತಾಳೆ ಎಂದುಕೊಂಡೆವು. ಮನಸ್ಸಿನಲ್ಲಲ್ಲ, ಅವಳ ಕಿವಿಯ ಪಕ್ಕದಲ್ಲೇ.

ಹೋದ ಶನಿವಾರ ಅರ್ಧ ತಲೆ ಮುಗಿದಿತ್ತು, ಇನ್ನರ್ಧ ಕೆದರಿಕೊಂಡು ನಿಂತಿತ್ತು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಡಕಾರ್‌ನ ಕಾಲೇಜಿನವರ ಸಂದರ್ಶನ ಇದ್ದದ್ದು ಸೋಮವಾರ. ಅಂದು ಅವರಿಗೆ ಹಬ್ಬದ ರಜೆಯಂತೆ, ಈಗಲೇ ವಿಡಿಯೋದಲ್ಲಿ ಮಾತಾಡು ಎಂದರು. ಇರುವುದು ಒಂದೇ ಸೀಟು. ಲಟ್ರೀಸ್ ಫೋನನ್ನು ಎಣ್ಣೆ ಡಬ್ಬಿಗೆ ಒರಗಿಸಿದಳು. ಅವಳ ಕುತ್ತಿಗೆ ಬೆವೆತದ್ದು ನನ್ನ ಬೆರಳಿಗೆ ತಿಳಿಯಿತು.

ಪರದೆಯಲ್ಲಿದ್ದ ಕನ್ನಡಕದ ಮೇಡಂ, "ನಿನ್ನ ಅಂಕಪಟ್ಟೀಲಿ ಭಾಷೆ ಅನ್ನೋದೇ ಇಲ್ವಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಸುಮ್ಮನೆ ಶಾಸ್ತ್ರಕ್ಕೆಂಬಂತೆ ವೋಲೊಫ್‌ನಲ್ಲಿ, "ಇಲ್ಲಿಗೆ ಯಾಕೆ ಬರ್ಬೇಕು ನೀನು?" ಎಂದು ಕೇಳಿದರು.

ಲಟ್ರೀಸ್ ವೋಲೊಫ್‌ನಲ್ಲೇ ಬಾಯಿ ತೆರೆದಳು. ಸೋಖ್ನಳ ಕೈಯಿಂದ ಬಾಚಣಿಗೆ ಬಿತ್ತು.

"ಈ ಅಂಗಡೀಲಿ ನನ್ನ ಬಗ್ಗೆ ಏನಂತಾರೆ ಗೊತ್ತಾ ಮೇಡಂ? ಈ ಹುಡುಗಿ ಕೂದಲು ದಪ್ಪ, ಅದೃಷ್ಟ ತೆಳ್ಳಗೆ ಅಂತಾರೆ. ಇವಳು ಈ ಬೀದಿ ದಾಟಲ್ಲ, ಇವಳಿಗೆ ಡಕಾರ್ ಬೇರೆ ಕೇಡು ಅಂತಾರೆ. ಮೊದಮೊದಲು ಅರ್ಥ ಆಗ್ತಿರ್ಲಿಲ್ಲ. ಅರ್ಥ ಆದ್ಮೇಲೆ ಮನೇಗೆ ಹೋಗಿ ಅಳ್ತಿದ್ದೆ, ಮತ್ತೆ ಬಂದು ಕೂರ್ತಿದ್ದೆ. ಎಂಟೆಂಟು ಗಂಟೆ ನಿಮ್ಮ ಭಾಷೆ ಕೇಳೋಕೆ ನನಗೆ ಬೇರೆಲ್ಲೂ ಜಾಗ ಸಿಗಲಿಲ್ಲ. ಡಕಾರ್‌ಗೆ ಬಂದ್ರೆ ಬೈಗುಳ ಬಿಟ್ಟು ಬೇರೆ ಮಾತೂ ಕಲೀಬಹುದು."

ಬೀದಿ ದಾಟಲ್ಲ ಎಂದವಳು ನಾನು. ನಕ್ಕವಳು ಸೋಖ್ನ. ನನಗೆ ನಾಚಿಕೆಯಾಯಿತು. ಎಳೆಗಳು ಕೈಯಲ್ಲೇ ಇದ್ದವು, ಹೆಣೆಯಲು ಆಗಲಿಲ್ಲ.

"ಹಿಂದೆ ನಿಂತಿರೋರು ಅವರೇನಾ?" ಮೇಡಂ ಕೇಳಿದರು.

"ಹೂಂ, ಅವರೇ," ಎಂದಳು ಲಟ್ರೀಸ್. "ನಮ್ಮ ಟೀಚರ್."

ಮೇಡಂ ಕನ್ನಡಕ ಸರಿಮಾಡಿಕೊಂಡು ನನ್ನತ್ತ ನೋಡಿದರು. "ಅಕ್ಕಾ, ಪಾಠ ಹೇಳಿದೋರು ನೀವು. ಈ ಹುಡುಗಿಗೆ ಸೀಟು ಕೊಡಬಹುದಾ?"

"ಕೊಡಿ ತಾಯಿ," ಎಂದೆ. "ಬೇಗ ಕರೆಸ್ಕೊಳ್ಳಿ. ಇವಳು ಇಲ್ಲಿರೋವರೆಗೂ ನಾವಿಬ್ರೂ ಬಾಯಿ ಬಿಡೋ ಹಾಗಿಲ್ಲ."