ಗುಣ ಕಮಿ

ನೀಲಕಂಠ ಸರ್ ಗಡಿಯಾಚೆಯ ಉದಗೀರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು. ಮನೆಯಲ್ಲಿ ಕನ್ನಡ, ಕಾಲೇಜಿನ ಗೇಟು ದಾಟಿದರೆ ಅಚ್ಚ ಮರಾಠಿ. ಪ್ರತಿ ಮಾತಿನ ಬಾಲಕ್ಕೂ ಮೂಗಿನಿಂದ ಒಂದು ‘ಬರಂ ಕಾ’ ಕಟ್ಟಿಬಿಡುವುದು ಅವರ ಚಾಳಿ. ತಿಳೀತಾ ಎಂದು ಕೇಳುವುದಕ್ಕೆ ಮರಾಠಿಯವರು ಹಾಗನ್ನುತ್ತಾರೆ. ಕೊನೆಯ ವರ್ಷದ ಗ್ಯಾದರಿಂಗಿನಲ್ಲಿ ಅವರದೇ ವಿದ್ಯಾರ್ಥಿನಿ, ಗುಂಜೋಟಿಯ ಪೂನಮ, ಅದೇ ಮೂಗನ್ನು ತೊಟ್ಟುಕೊಂಡು ವೇದಿಕೆ ಹತ್ತಿದ್ದಳು. ‘ಬರಂ ಕಾ?’ ಎಂದು ತಾನೇ ಕೇಳಿ, ‘ಬರಂಗಿಲ್ರೀ ಸರ!’ ಎಂದು ತಾನೇ ಉತ್ತರ ಕೊಟ್ಟಳು. ಕನ್ನಡ ಬಲ್ಲ ಅರ್ಧ ಸಭೆ ಬಿದ್ದು ಬಿದ್ದು ನಕ್ಕಿತು, ಉಳಿದರ್ಧಕ್ಕೆ ಅರ್ಥ ಹೇಳಿ ಅವರನ್ನೂ ನಗಿಸಿತು. ಸರ್ ನಗಲಿಲ್ಲ.

ಈಗ ಆ ಮೂಗಿನ ಮುಂದೆಯೇ ಕೈಕಟ್ಟಿ ನಿಲ್ಲುವ ಪಾಳಿ ಬಂದಿತ್ತು. ಪೂನಮಳ ಸಿಜಿಪಿಎ ಆರು ಪಾಯಿಂಟ್ ಒಂದು. ಎಂ.ಟೆಕ್‌ಗೆ ಎಲ್ಲಿ ಅರ್ಜಿ ಹಾಕಿದರೂ ಹೊಸ್ತಿಲು ಆರೂವರೆ, ಎಲ್ಲ ಕಡೆಯೂ ಎಡವಿದ್ದಳು. ಹೈದರಾಬಾದಿನ ಒಂದು ಸಂಸ್ಥೆ ಮಾತ್ರ ಕಿಂಡಿ ಬಿಟ್ಟಿತ್ತು. ಅಂಕ ಕಡಿಮೆಯಿದ್ದರೂ ಓದಿದ ವಿಭಾಗದ ಮುಖ್ಯಸ್ಥರು ಶಿಫಾರಸು ಮಾಡಿದರೆ ಸಂದರ್ಶನಕ್ಕೆ ಕರೆಯುತ್ತೇವೆ ಎಂದಿತ್ತು. ಶಿಫಾರಸಿನ ಲಿಂಕು ಸರ್ ಮೇಲ್‌ಗೆ ಹೋಗಿ ಅಲ್ಲೇ ಮಲಗಿಬಿಟ್ಟಿತು. ಫೋನು ಮಾಡಿದರೆ ‘ನಿಮ್ಮಪ್ಪನ ಕರಕೊಂಡು ಬಾ’ ಎಂದರು, ಹೋಂವರ್ಕ್ ಮಾಡದ ಹುಡುಗಿಗೆ ಹೇಳಿದ ಹಾಗೆ.

ಅಪ್ಪ ಬೀರಣ್ಣ ಬಂದ, ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡು. ಕುರಿ ಸಂತೆಯ ಮರಾಠಿಯಲ್ಲಿ ಯಾವ ವ್ಯಾಪಾರಿಗೂ ಸೋಲದ ಮನುಷ್ಯ. ಶಾಲೆಯ ಮರಾಠಿ ಮಾತ್ರ ಅವನ ಹಾದಿಗೆ ಬಂದಿರಲಿಲ್ಲ.

ಸರ್ ಕುರ್ಚಿ ತೋರಿಸಲಿಲ್ಲ.

“ತುಮಚ್ಯಾ ಮುಲೀಚೇ ಗುಣ ಕಮೀ ಆಹೇತ, ಬರಂ ಕಾ,” ಎಂದರು ನೇರವಾಗಿ.

ಮರಾಠಿ ಶಾಲೆಯಲ್ಲಿ ಗುಣವೆಂದರೆ ಮಾರ್ಕು. ಬೀರಣ್ಣನಿಗೆ ಗುಣವೆಂದರೆ ಗುಣವೇ.

“ಏನಂದ್ರಿ? ನನ್ನ ಮಗಳ ಗುಣಾ ಕಮಿ?”

“ಹೂಂ, ಕಮಿ.” ಸರ್ ಸಿಟ್ಟಿನಲ್ಲಿ ಕನ್ನಡಕ್ಕೆ ಇಳಿದರು. “ನಾ ಒಬ್ಬಾಂವ ಹೇಳೋದಲ್ಲ, ಎಲ್ಲಾ ಮಾಸ್ತರ್ರೂ ನೋಡ್ಯಾರ. ಎರಡ ಸಲ ಬಿದ್ದಾಳ ಇಕಿ.”

“ಬಿದ್ದಾಳ?” ಬೀರಣ್ಣನ ದನಿಗೆ ಕಿಟಕಿಯ ಗಾಜು ನಡುಗಿತು. “ಎಲ್ಲಿ ಬಿದ್ದಾಳ? ಯಾಂವ ನೋಡ್ಯಾನ? ಕರಿ ಅಂವನ್ನ ಇಲ್ಲಿ!”

ಥರ್ಮೋಡೈನಮಿಕ್ಸಿನಲ್ಲಿ ಬಿದ್ದವಳು ಗೋಡೆಗೆ ಒರಗಿ ನಿಂತಿದ್ದಳು. ನಗು ಬಂತು. ಆಮೇಲೆ ನಗುವಿನ ಹಿಂದೆಯೇ ಒಂದು ಯೋಚನೆ ಬಂತು.

ವರಾಂಡದಲ್ಲಿ ಹುಡುಗರು ನೆರೆದರು. “ಬರ್ರಿ, ಎಲ್ಲಾರೂ ಬರ್ರಿ! ಲಗ್ನಕ್ಕ ಬಂದ ಹುಡಗೀ ಗುಣಾ ಅಳ್ಯಾಕ ಕುಂತಾನ ನಿಮ್ಮ ಸಾಹೇಬ!” ಎಂದು ಬೀರಣ್ಣ ಅವರನ್ನು ಒಳಗೇ ಕರೆದ. ಮೊಬೈಲುಗಳು ಒಂದೊಂದಾಗಿ ಮೇಲೆದ್ದವು. ಆಗ ಸರ್‌ಗೆ ಹೊಳೆಯಿತು.

“ಅಯ್ಯ, ಗುಣ ಅಂದ್ರ…”

“ಗುಣ ಅಂದ್ರೇನು ಅಂತ ನೀ ನನಗ ಕಲಸಬ್ಯಾಡ!”

“ಪೂನಮ, ನೀನರ ಹೇಳವಾ ಇವರಿಗೆ!”

ಒಂದೇ ಒಂದು ಶಬ್ದ ಸಾಕಿತ್ತು. ಪೂನಮ ಫ್ಯಾನು ನೋಡಿದಳು. “ನಾ ಏನ ಹೇಳ್ಲಿ ಸರ? ನನ್ನ ಗುಣಾ ನಿಮಗೇ ಗೊತ್ತಲ್ಲ,” ಎಂದಳು.

ಸರ್ ಮೊಬೈಲುಗಳನ್ನು ನೋಡಿದರು, ಬೀರಣ್ಣನನ್ನು ನೋಡಿದರು, ಲ್ಯಾಪ್‌ಟಾಪು ತೆರೆದರು. ಹುಡುಗಿಯ ಬುದ್ಧಿ, ಶ್ರಮ, ಸಂಶೋಧನೆಯ ಆಸಕ್ತಿ, ಎಲ್ಲದರ ಮುಂದೆಯೂ ‘ಅತ್ಯುತ್ತಮ’ ಒತ್ತಿ, ಕಳಿಸಿ, ಪರದೆಯನ್ನು ಬೀರಣ್ಣನ ಕಡೆ ತಿರುಗಿಸಿ, “ನೋಡ್ರಿ, ಭಾಳ ಚಲೋ ಹುಡಗಿ ಅಂತ ಬರದೀನಿ, ಹೋಗ್ರಿನ್ನ,” ಎಂದರು.

ಊರಿಗೆ ಮರಳಲು ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ಉಮರ್ಗಾದ ಬಸ್ಸಿಗೆ ಕಾಯುತ್ತ ಬೀರಣ್ಣನ ಸಿಟ್ಟು ಮತ್ತೆ ಉಕ್ಕಿತು. ಅವನು ಊರಲ್ಲಿದ್ದ ಭಾವಮೈದುನ ರೇವಣಸಿದ್ಧನಿಗೆ ಫೋನು ಹಚ್ಚಿದ.

“ರೇವಣ್ಯಾ, ಕೇಳಿಲ್ಲಿ. ಆ ಮಾಸ್ತರ ನಮ್ಮ ಪೂನಮನ…”

ಪೂನಮ ಫೋನು ಕಿತ್ತುಕೊಂಡು ಕಟ್ ಮಾಡಿದಳು. ಸೋದರಮಾವನ ಕಿವಿಗೆ ಬಿದ್ದ ಮಾತು ಗುಂಜೋಟಿ ಸುತ್ತಲು ಬಸ್ಸು ಬೇಕಿರಲಿಲ್ಲ.

“ಊರಾಗ ಹೇಳಬ್ಯಾಡಪಾ. ಅಂವಾ ಹಂಗಂದಿಲ್ಲ. ಮರಾಠ್ಯಾಗ ಗುಣ ಅಂದ್ರ ಮಾರ್ಕ. ಬಿದ್ದಾಳ ಅಂದ್ರ ನಾಪಾಸ.”

ಬೀರಣ್ಣ ಮಗಳ ಕಡೆ ತಿರುಗಿದ.

“ಮಾರ್ಕ ಕಮಿ ಇರೋದು ಖರೇನ?”

“ಖರೇನ.”

“ಅಂದ್ರ ಅಂವಾ ಸುಳ್ಳ ಹೇಳಿಲ್ಲ. ನಿನಗ ಅಲ್ಲೇ ಗೊತ್ತಿತ್ತು?”

“ಗೊತ್ತಿತ್ತು. ಹೇಳಿದ್ರ ಅಂವಾ ಬರೀತಿದ್ದಿಲ್ಲ.”

“ಮುಂಜಾನಿ ತನಕ ಮಾರ್ಕ ಅಷ್ಟೇ ಕಮಿ ಇದ್ದವು ನಿನಗ,” ಎಂದ ಬೀರಣ್ಣ. “ಈಗ ಗುಣಾನೂ ಕಮಿ ಆತು. ಹಚ್ಚು ಅಂವಗ ಫೋನ.”

ಹಚ್ಚಿದಳು. ಸ್ಪೀಕರಿನಲ್ಲಿ ಬೀರಣ್ಣ, “ಸಾಹೇಬ್ರ, ನಂದು ತಿಳವಳಿಕಿ ತಪ್ಪಾತು, ನಾಲ್ಕ ಮಂದ್ಯಾಗ ಬೈದೀನಿ, ಹೊಟ್ಟ್ಯಾಗ ಹಾಕ್ಕೋರಿ,” ಎಂದ. ಸರ್ ಅದನ್ನು ದಾಟಿ ಮಗಳಿಗೇ ಗುರಿಯಿಟ್ಟರು.

“ಪೂನಮ ಅಲ್ಲೇ ಅದಾಳಲ್ಲ? ನೀ ಬೇಕಂತ ಸುಮ್ಮ ನಿಂತಿ. ಈಗ ಆ ಸಂಸ್ಥಾಕ್ಕ ಮೇಲ್ ಹಾಕ್ತೀನಿ ನೋಡು, ಶಿಫಾರಸ ವಾಪಸ್!”

ಪೂನಮಳ ನಾಲಿಗೆ ತನ್ನ ಕೆಲಸ ಬಿಡಲಿಲ್ಲ. “ಹಾಕ್ರಿ ಸರ. ಕಾರಣ ಏನಂತ ಬರೀತೀರಿ? ಕುರಿ ಕಾಯಾಂವಗ ಹೆದರಿ ಸುಳ್ಳ ತುಂಬಿದ್ದೆ ಅಂತನ?”

ಫೋನು ಕಟ್ಟಾಯಿತು.

“ಇಷ್ಟ ಚೂಪ ನಾಲಿಗಿ ಇಟ್ಕೊಂಡು ಪರೀಕ್ಷಾದಾಗ ಏನ ಮಾಡ್ದಿ?” ಎಂದ ಬೀರಣ್ಣ. ಅದರಲ್ಲಿ ಮೆಚ್ಚುಗೆಯ ಎಳೆಯೂ ಇರಲಿಲ್ಲ.

ಬಸ್ಸು ಬಂತು. ಹಿಂದೆ ಜೋಡಿ ಸೀಟು ಖಾಲಿಯಿದ್ದರೂ ಅವನು ಮುಂದೆ ಯಾರೋ ಗುರುತಿಲ್ಲದವನ ಪಕ್ಕ ಕೂತ. ಪೂನಮ ಹಿಂದೆ ಒಬ್ಬಳೇ ಕೂತು ಅರ್ಜಿಯ ಪುಟ ತೆರೆದಳು. ‘ಶಿಫಾರಸು ಸ್ವೀಕರಿಸಲಾಗಿದೆ’ ಎಂದಿತ್ತು. ಮುಚ್ಚಿ ತೆರೆದಳು. ಇನ್ನೂ ಇತ್ತು. ಉಮರ್ಗಾ ಬಂದಾಗಲೂ ಇತ್ತು. ತಲೆಯೆತ್ತಿ ನೋಡಿದರೆ ಅಪ್ಪ ಆಗಲೇ ಇಳಿದು, ಗುಂಜೋಟಿಯ ಜೀಪಿನಲ್ಲಿ ಕೊನೆಯ ಜಾಗ ಹಿಡಿದು, ಹೋಗು ಎಂದು ಡ್ರೈವರನಿಗೆ ಕೈ ಮಾಡುತ್ತಿದ್ದ.